ಬೂದು ಪೈಪು, ಹೊಳೆಯೋ ಪೈಪು

ಓದುವವರಿಗೆಲ್ಲ ನಮಸ್ಕಾರ. ನಾನು ಮೂವತ್ತು ದಾಟಿದ ಮೇಲೆ ಸರಿಯಾಗಿ ಅಕ್ಷರ ಕಲ್ತವ, ಟೈಪು ಮಾಡೋದು ಒಂದೇ ಬೆರಳಲ್ಲಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕೊಡಗು ಇನ್ನೂ ಬೇರೆ ರಾಜ್ಯ, ಕೂರ್ಗ್ ಸ್ಟೇಟ್ ಆಗಿದ್ದಾಗಿನ ಮಾತು. ಮಡಿಕೇರಿ ಹತ್ರದ ಒಂದು ಕಾಫಿ ಎಸ್ಟೇಟಲ್ಲಿ ನಾನು ಸ್ಟೋರು ನೋಡ್ಕೊಳ್ತಿದ್ದೆ. ಕೆಲಸದವ್ರು ಇರೋ ಲೈನಿಗೆ ತೋಡಿನ ನೀರೇ ಗತಿ. ಮಳೆ ಹಿಡಿದ್ರೆ ತೋಡು ಕೆಂಪಾಗೋದು, ಮಕ್ಕಳಿಗೆ ಭೇದಿ ಶುರುವಾಗೋದು. ಹಿಂದಿನ ಮಳೆಗಾಲದಲ್ಲಿ ಒಂದು ಮಗು ಹೋಯ್ತು. ಆಮೇಲೆ ಸಾಹುಕಾರ್ರು ಗುಡ್ಡದ ಮೇಲಿನ ಒರತೆಯಿಂದ ಲೈನಿಗೆ ಪೈಪು ಎಳೆಸೋಕೆ ಒಪ್ಪಿದ್ರು. ಪೈಪು ತರೋದು ನನ್ನ ಜವಾಬ್ದಾರಿ. ಮಳೆಗೆ ಮೊದ್ಲು ನೀರು ಬರ್ಬೇಕು.

ಅಂಗಡೀಲಿ ಎರಡು ಥರ ಇತ್ತು. ಒಂದು ಬೂದು ಬಣ್ಣ, ಮೈಯೆಲ್ಲ ಒರಟು. ಇನ್ನೊಂದು ನಯ, ಬೆಳ್ಳಿ ಲೋಟದ ಹಾಗೆ ಹೊಳಪು. ತುಕ್ಕು ಹಿಡೀದಿರೋಕೆ ಎರಡಕ್ಕೂ ಸತು ಹಿಡಿಸಿದೆ, ಹೊಳೆಯೋದು ಹೊಸ ಥರ, ಕರೆಂಟಿಂದ ಹಿಡಿಸಿದ್ದು ಅಂದ್ರು ಅಂಗಡಿಯವ್ರು. ನಾನು ಹೊಳೆಯೋದನ್ನೇ ಗಾಡಿಗೆ ಹೇರಿಸ್ಕೊಂಡು ಬಂದೆ.

ಕೂರಿಸೋಕೆ ಬಂದವ್ರು ಕಣ್ಣೂರು ಕಡೆಯ ಫಿಟ್ಟರ್, ನಾವು ಕಾಕ ಅಂತಿದ್ವಿ, ಅವ್ರು ನಮ್ಮನ್ನ ಮೋನೇ, ಅಂದ್ರೆ ಮಗನೇ, ಅಂತಿದ್ರು. ಮೊದ್ಲು ಪಾತ್ರೆಗೆ ಕಲಾಯಿ ಹಾಕ್ತಿದ್ದವ್ರು. ಪೈಪಿನೊಳಗೆ ಬೆರಳು ಹಾಕಿ ತಿರುಗಿಸಿ ನೋಡಿ, ಇದನ್ನ ನಾನು ಮಣ್ಣಿಗೆ ಇಳಿಸೋದಿಲ್ಲ ಅಂದ್ರು. ಹೊಸದು ಕಂಡ್ರೆ ಹಳಬರಿಗೆ ಆಗೋದಿಲ್ಲ ಅಂತ ನಾನು ಚುಚ್ಚಿದೆ.

"ಅಲ್ಲ ಮೋನೇ, ಪಾತ್ರೆಗೆ ಹೊರಗೆ ಕಲಾಯಿ ಹಾಕಿ ಒಳಗೆ ಹಾಗೇ ಬಿಟ್ರೆ, ನೀನು ಅದ್ರಲ್ಲಿ ಹುಳಿ ಸಾರು ಕುಡೀತೀಯಾ?"

ಅಷ್ಟೇ, ಜಗಳಕ್ಕೆ ಬರ್ಲಿಲ್ಲ. ಆಗ ಕಾಫಿ ಹಣ್ಣು ಕೊಯ್ಯೋ ಪಿಕ್ಕಿಂಗ್ ಮುಗಿಯೋ ಸಮಯ. ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್ ಮನೆ ಹಿಂದಿನ ಗುಂಡಿಲಿ ಆ ಸಿಪ್ಪೆ ಕೊಳೆತು ಹುಳಿ ನೀರು ನಿಂತಿತ್ತು, ಮೂಗು ಮುಚ್ಕೊಳ್ಳದೆ ನಿಲ್ಲೋ ಹಾಗಿರ್ಲಿಲ್ಲ. ಕಾಕ ತಮ್ಮ ಚೀಲದಿಂದ ಬೂದು ಪೈಪಿನ ಗೇಣುದ್ದ ತುಂಡು ತೆಗೆದ್ರು, ನನ್ನದ್ರಿಂದ ಅಷ್ಟೇ ಉದ್ದ ಕೊಯ್ದ್ರು, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಗುಂಡಿಗೆ ಇಳಿಸಿದ್ರು. ಮಣ್ಣು ವರ್ಷಗಟ್ಲೆ ಮಾಡೋದನ್ನ ಇದು ಎಂಟು ದಿನದಲ್ಲಿ ತೋರಿಸ್ತದೆ ಅಂದ್ರು.

ಎಂಟನೇ ದಿನ ಎತ್ತಿದ್ವಿ. ಬೂದು ತುಂಡು ಕಪ್ಪಾಗಿತ್ತು, ಕೊಯ್ದ ತುದಿ ಮಾತ್ರ ಕೆಂಪು. ನನ್ನದು ಹೊರಗೆ ಮಚ್ಚೆ ಮಚ್ಚೆ, ಒಳಗೆ ಪೂರಾ ತುಕ್ಕು. ಬೂದು ಪೈಪನ್ನ ಕರಗಿ ಕಾಯ್ತಿರೋ ಸತುವಲ್ಲಿ ಇಡೀ ಮುಳುಗಿಸ್ತಾರಂತೆ. ಒಳಗೂ ಹೊರಗೂ ದಪ್ಪಕ್ಕೆ ಹಿಡಿದು ಕಬ್ಬಿಣಕ್ಕೇ ಬೆಸೆದ್ಕೊಳ್ತದಂತೆ. ಕರೆಂಟಿನದ್ದು ತೆಳು ಪದರ, ಒಳಗೆ ಸರಿಯಾಗಿ ತಲುಪೋದಿಲ್ಲ. ಆದ್ರೆ ಅದೂ ಕೆಟ್ಟದ್ದಲ್ಲ, ಮಾಡಿನ ಕೆಳಗೆ ಒಣಗಿರೋ ಕಡೆಗೆ, ಸಣ್ಣ ಬೋಲ್ಟು ನಟ್ಟಿಗೆ ಅದೇ ಚಂದ ಅಂದ್ರು ಕಾಕ. ತನ್ನ ಮಾತು ಗೆದ್ದ ದಿನಾನೂ ಸೋತ ಪೈಪಿನ ಪರ ಮಾತಾಡಿದ ಮನುಷ್ಯ ಅವ್ರು. ನಂಗಂತೂ ಅಂಥವ್ರು ಮತ್ತೆ ಸಿಗ್ಲಿಲ್ಲ.

ಸಾಹುಕಾರ್ರ ಮುಂದೆ ಹೋಗಿ ತಪ್ಪು ಒಪ್ಕೊಂಡೆ. ಅವ್ರು ತುಂಡು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ್ರು.

"ಬದಲಾಯ್ಸ್ಕೊಂಡು ಬಾ. ಮಳೆ ನಿನಗೋಸ್ಕರ ಕಾಯೋದಿಲ್ಲ."

ಅಂಗಡಿಯವ್ರು ಗೊಣಗ್ಕೊಂಡೇ ಬೂದು ಪೈಪು ಕೊಟ್ರು. ಪೈಪಿನ ತುದಿಗೆ ತಿರುಪಿನ ಥ್ರೆಡ್ ಕೊಯ್ದ ಕಡೆ ಸತು ಹೋಗಿರ್ತದೆ ಅಂತ ಕಾಕ ಒಂದೊಂದು ಜೋಡಣೆಗೂ ಸಣಬು ಸುತ್ತಿ ಕೆಂಪು ಬಣ್ಣ ಬಳಿದ್ರು. ಅವಸರ ಮಾಡಿ ಅಂದ್ರೆ ತಲೆ ಎತ್ತಿ ನೋಡ್ತಿರ್ಲಿಲ್ಲ.

ಮೊದಲ ದೊಡ್ಡ ಮಳೆ ಬಂದ ಬೆಳಿಗ್ಗೆ ತೋಡು ಕೆಂಪಾಗಿ ಹರೀತಿತ್ತು, ಲೈನಿನ ನಲ್ಲಿಲಿ ತಿಳಿನೀರು. ಮಗು ಕಳ್ಕೊಂಡ ಅಮ್ಮ ಮೊದಲ ಕೊಡ ಹಿಡಿದ್ಲು. ಆ ಮಳೆಗಾಲ ಭೇದಿಯಿಂದ ಲೈನಿನ ಯಾವ ಮಗೂ ಹೋಗ್ಲಿಲ್ಲ.

ನಿಮ್ಮ ಕಡೆ ನೆಲದಡಿಯ ಪೈಪು ಎಷ್ಟು ಕಾಲ ಬಾಳ್ತು, ಯಾರು ಕೂರಿಸಿದ್ರು? ಇಂಥ ಕೈಕೆಲಸದವ್ರನ್ನ ಕಂಡಿದ್ರೆ ದಯವಿಟ್ಟು ಬರೀರಿ. ನಾನು ಓದೋದೂ ನಿಧಾನ, ಆದ್ರೆ ಪೂರ್ತಿ ಓದ್ತೇನೆ.