ಭಾವನ ಭಾವನೆಗಳು

ನಮ್ಮ ಕಡೆಯ ಗಂಡಸರಿಗೆ ದುಃಖವಾಗುವುದಿಲ್ಲ, ಗ್ಯಾಸ್ಟ್ರಿಕ್ ಆಗುತ್ತದೆ. ಮಗಳ ಮದುವೆ ಮುರಿದುಬಿದ್ದರೂ ಗ್ಯಾಸ್ಟ್ರಿಕ್, ಬಡ್ತಿ ಕೈತಪ್ಪಿದರೂ ಗ್ಯಾಸ್ಟ್ರಿಕ್. ಶಿವಮೊಗ್ಗದ ದುರ್ಗಿಗುಡಿಯ ಯಾವುದೇ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಎದೆ ತಿಕ್ಕಿಕೊಳ್ಳುತ್ತ ಮಾತ್ರೆ ಕೇಳುವ ನಡುವಯಸ್ಕರಲ್ಲಿ ಹೊಟ್ಟೆ ಸರಿಯಿರುವವರೇ ಹೆಚ್ಚು. ಹೀಗೆಂದು ನಾನು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದೆ, ನಾಗರಾಜ ಭಾವನ ಸರದಿ ಬರುವ ತನಕ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಭದ್ರಾವತಿಯಲ್ಲಿ. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಅರ್ಧ ಆಯುಷ್ಯ ಲೇತ್ ಯಂತ್ರದ ಮುಂದೆ ನಿಂತವರು. ಹೋದ ವರ್ಷ ವರ್ಕ್‌ಶಾಪ್ ಮುಚ್ಚಿತು. ಅಲ್ಲಿಂದ ಮುಂದೆ ಅವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬಸ್ ಸ್ಟ್ಯಾಂಡಿಗೆ, ಮತ್ತೆ ಜಗಲಿಗೆ. ಎರಡು ತುತ್ತು ಉಂಡು ತಟ್ಟೆ ಬಿಟ್ಟೇಳುವುದು. "ಮನೇಲಿ ಗಂಡ ಇಲ್ಲ ಕಣೋ, ಗಡಿಯಾರದ ಪೆಂಡುಲಮ್ ಇದೆ" ಎಂದು ಅಕ್ಕ ಫೋನಿನಲ್ಲಿ ನಕ್ಕಳು. ನಗು ಮುಗಿಯುವ ಮೊದಲೇ ಅವಳ ದನಿ ಒಡೆಯಿತು.

ಮರುದಿನವೇ ಭಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ಮನೋವೈದ್ಯರೊಬ್ಬರಲ್ಲಿಗೆ ಕರೆತಂದೆ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮೃದು ಮಾತು. "ನಿಮ್ಮ ಭಾವನೆಗಳನ್ನ ಹಂಚಿಕೊಳ್ಳಿ" ಎಂದರು. ಭಾವನಿಗೆ ಗಾಬರಿಯಾಯಿತು. ಹಂಚಿಕೊಳ್ಳುವುದೆಂದರೆ ಅವರ ಪಾಲಿಗೆ ಆಸ್ತಿ, ಇಲ್ಲವೇ ಪ್ರಸಾದ. "ಭಾವನೆ ಅಂಥದ್ದೇನಿಲ್ಲ ಮೇಡಂ. ಹೊಟ್ಟೇಲಿ ಒಂಥರಾ ಸಂಕಟ. ಗ್ಯಾಸ್ಟ್ರಿಕ್ ಇರ್ಬೇಕು" ಎಂದರು. ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಹೊಟ್ಟೆಯ ಬಗ್ಗೆಯೇ ಒಂದಷ್ಟು ಕೇಳಿ, ನಿದ್ದೆಗೊಂದು, ಹೊಟ್ಟೆಗೊಂದು ಮಾತ್ರೆ ಬರೆದು, ದಿನಾ ವಾಕಿಂಗ್ ಮಾಡಿ ಎಂದರು. ಇಡೀ ದಿನ ಊರು ಸುತ್ತುವ ಮನುಷ್ಯನಿಗೆ ವಾಕಿಂಗ್!

ಹಿಂದಿರುಗುವಾಗ ನನಗೆ ಸಿಟ್ಟು ಬಂದಿತ್ತು. ಆದರೆ ನಾನು ಕನ್ನಡ ಮೇಷ್ಟ್ರು. ಸಿಟ್ಟು ಬಂದರೂ ಪದಗಳ ಹಿಂದೆ ಹೋಗುತ್ತೇನೆ. ಹೊಟ್ಟೆಕಿಚ್ಚು, ಹೊಟ್ಟೆಯುರಿ, ಕರುಳು ಕಿವುಚುವುದು, ಕರುಳು ಕಿತ್ತು ಬರುವುದು. ನಮ್ಮ ಭಾಷೆ ಮನಸ್ಸಿನ ನೋವನ್ನೆಲ್ಲ ಮೊದಲಿನಿಂದಲೂ ಹೊಟ್ಟೆಯಲ್ಲೇ ಇಟ್ಟಿದೆ. ಹಾಗೆ ನೋಡಿದರೆ ಭಾವ ಸುಳ್ಳು ಹೇಳಿರಲಿಲ್ಲ. ತಮಗೆ ಗೊತ್ತಿದ್ದ ಕನ್ನಡದಲ್ಲಿ ನಿಜವನ್ನೇ ಹೇಳಿದ್ದರು. ಡಾಕ್ಟರೂ ಮೋಸ ಮಾಡಿರಲಿಲ್ಲ. ಆದರೂ ಇಬ್ಬರ ನಡುವೆ ಏನೋ ಬಿದ್ದುಹೋಗಿತ್ತು.

ಮಾಚೇನಹಳ್ಳಿ ದಾಟುವಾಗ ಭಾವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಕರೆಂಟ್ ಬಿಲ್ ಕಟ್ಟೋದು, ಸಿಲಿಂಡರ್ ಬುಕ್ ಮಾಡೋದು, ಎಲ್ಲಾ ನಿಮ್ಮಕ್ಕಂಗೆ ಕಲಿಸ್ಬಿಡು ಮಾರಾಯ. ಇನ್ಮೇಲೆ ಅವಳೇ ಮಾಡ್ಕೋಬೇಕಲ್ಲ."

"ಯಾಕೆ? ನೀವೆಲ್ಲಿಗೆ ಹೋಗ್ತೀರಿ?" ಎಂದೆ.

ಭಾವ ಕಿಟಕಿಯ ಗಾಜು ಏರಿಸಿದರು. ನಾನು ಕಾರು ತಿರುಗಿಸಿದೆ.

ಊಟಕ್ಕೆ ಹೊರಟಿದ್ದ ಡಾಕ್ಟರು ಕ್ಲಿನಿಕ್ಕಿನ ಮೆಟ್ಟಿಲ ಮೇಲೆಯೇ ಸಿಕ್ಕರು. ನಡೆದದ್ದನ್ನು ಹೇಳಿದೆ. ಅವರು ಕೈಚೀಲವನ್ನು ಮೆಟ್ಟಿಲ ಮೇಲಿಟ್ಟರು. ಒಳಗೆ ಕರೆಯಲಿಲ್ಲ. "ನಿಮಗೆ ಕೂರೋಕೆ ಕಷ್ಟ ಅಲ್ವಾ? ಬನ್ನಿ, ಇಲ್ಲೇ ಓಡಾಡ್ತಾ ಮಾತಾಡೋಣ" ಎಂದು ಗಾಡಿ ನಿಲ್ಲಿಸುವ ಜಾಗದಲ್ಲಿ ಭಾವನ ಪಕ್ಕಕ್ಕೆ ಹೆಜ್ಜೆ ಹಾಕತೊಡಗಿದರು. ಎರಡನೆಯ ಸುತ್ತಿನಲ್ಲಿ ಕೇಳಿದರು: "ನಾಗರಾಜಪ್ಪನೋರೇ, ಸಾಯ್ಬೇಕು ಅನ್ನಿಸ್ತಿದೆಯಾ?"

ನನ್ನ ಬಾಯಿಗೆ "ಬಿಡ್ತು ಅನ್ನಿ" ಎಂಬ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಭಾವ, ಯಾರೋ ಟೈಮೆಷ್ಟು ಎಂದು ಕೇಳಿದಂತೆ, "ಹೂಂ ಮೇಡಂ" ಎಂದರು. ಆಮೇಲೆ ಮಾತು ತಾನಾಗಿ ಬಂತು. "ಬೆಳಿಗ್ಗೆ ಎಲ್ಲೋ ಫ್ಯಾಕ್ಟರಿ ಸೈರನ್ ಆಗುತ್ತೆ. ಕಾಲು ತಾವೇ ಹೊರಡ್ತವೆ. ಎಲ್ಲಿಗೆ ಅಂತ ಅವಕ್ಕೂ ಗೊತ್ತಿಲ್ಲ. ನಾನಿದ್ದು ಯಾರಿಗೆ ಏನಾಗ್ಬೇಕು?"

"ಬೆಳಿಗ್ಗೆ ಇದನ್ನ ಹೇಳ್ಲೇ ಇಲ್ವಲ್ಲ?"

"ನೀವು ಹೊಟ್ಟೆ ವಿಷಯ ಕೇಳಿದ್ರಿ."

ಡಾಕ್ಟರು ಭಾವನ ಕಡೆ ತಿರುಗಿದರು. "ಹೌದು. ನಾನು ಅಲ್ಲಿಗೇ ನಿಲ್ಲಿಸಬಾರದಿತ್ತು" ಎಂದರು.

ಅಂದೇ ಭಾವನನ್ನು ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಮಗ್ಗುಲು ಬಿಟ್ಟು ಕದಲಲಿಲ್ಲ. ಮಾತ್ರೆಗಳು ಬದಲಾದವು, ವಾರವಾರವೂ ಡಾಕ್ಟರ ಜೊತೆ ಅದೇ ಜಾಗದಲ್ಲಿ ನಡೆದಾಟ. ಕೆಲವು ವಾರ ಹಿನ್ನಡೆಯೂ ಆಯಿತು. ಈಗ ಭಾವ ತಟ್ಟೆ ಖಾಲಿ ಮಾಡಿಯೇ ಏಳುತ್ತಾರೆ, ಸಾರಿಗೆ ಉಪ್ಪು ಸಾಲದೆಂದು ಅಕ್ಕನೊಡನೆ ಜಗಳವಾಡುತ್ತಾರೆ. ಈ ಜಗಳವನ್ನು ಅಕ್ಕ ನನಗೆ ಫೋನ್ ಮಾಡಿ ಹಬ್ಬದ ಸುದ್ದಿಯಂತೆ ಹೇಳುತ್ತಾಳೆ.

ಮನಸ್ಸಿನ ಡಾಕ್ಟರುಗಳಿಗೆ ಗಂಡಸರು ಅರ್ಥವಾಗುತ್ತಾರೆಯೇ? ಯಾರಾದರೂ ಕೇಳಿದರೆ ನನಗೆ ಈಗಲೂ ನೆಟ್ಟಗೆ ಉತ್ತರ ಹೊಳೆಯದು. ನಮ್ಮ ಡಾಕ್ಟರಿಗೆ ಬೆಳಿಗ್ಗೆ ಅರ್ಥವಾಗಿರಲಿಲ್ಲ, ಮಧ್ಯಾಹ್ನ ಅರ್ಥವಾಯಿತು. ಕಾರು ತಿರುಗಿಸದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇವತ್ತಿಗೂ ಪಾಠದ ನಡುವೆ ಮಾತು ತಪ್ಪುತ್ತದೆ. ಆ ಮಧ್ಯಾಹ್ನ ಎಲ್ಲರಿಗೂ ಸಿಗುವುದಿಲ್ಲ.

ಮೊನ್ನೆ ಕ್ಲಿನಿಕ್ಕಿನ ಒಳಗೇ ಭಾವನೊಡನೆ ಮಾತು ಮುಗಿಸಿದ ಡಾಕ್ಟರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಹೇಗಿದೀರಿ?" ಎಂದರು.

"ನನಗೇನಾಗಿದೆ ಮೇಡಂ, ಫಸ್ಟ್ ಕ್ಲಾಸಾಗಿದೀನಿ" ಎಂದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ ವಿದ್ಯಾರ್ಥಿಯನ್ನು ನಾನು ಎಂದೂ ನಂಬಿದವನಲ್ಲ. ಡಾಕ್ಟರೂ ನಂಬಲಿಲ್ಲ, ಒಂದೇ ಸಮನೆ ಕುಣಿಯುತ್ತಿದ್ದ ನನ್ನ ಕಾಲನ್ನೇ ನೋಡುತ್ತಿದ್ದರು. ಭಾವ ಎದ್ದು, "ನಾನು ಹೊರಗೆ ಕೂತಿರ್ತೀನಿ. ನಿಧಾನಕ್ಕೆ ಬಾ ಮಾರಾಯ" ಎಂದು ಬಾಗಿಲು ಎಳೆದುಕೊಂಡು ಹೋದರು.

"ನೋಡಿದ್ರಾ ಮೇಡಂ, ಕೂತಿರ್ತೀನಿ ಅಂದ್ರು!" ಎಂದೆ ಖುಷಿಯಿಂದ.

"ಅದು ಅವರ ವಿಷಯ ಆಯ್ತು" ಎಂದರು ಡಾಕ್ಟರು, "ನಿಮ್ಮದು ಹೇಳಿ."