ತಿಖೋನ್ ಬಿದ್ದದ್ದು ಎಲ್ಲಿಂದ

ಬುಧವಾರ ನನ್ನ ಗಂಡ ತಿಖೋನ್ ಮನೆಯಲ್ಲೇ ಇದ್ದ. ಬೀಟ್‌ರೂಟ್ ಸಾರನ್ನು ಮೂರು ಸಲ ಬಡಿಸಿಕೊಂಡ.

"ಉಪ್ಪು ಜಾಸ್ತಿ ಆಗಿದೆ ಗ್ಲಾಶಾ."

"ಮೂರನೇ ಸಲಕ್ಕೆ ಗೊತ್ತಾಯ್ತಾ?"

"ಮೊದಲೆರಡು ಹಸಿವಿಗೆ ಉಂಡೆ. ಇದು ರುಚಿ ನೋಡಿದ್ದು."

ಆ ದಿನ ಇನ್ನೇನೂ ಆಗಲಿಲ್ಲ.

ಅವನ ಕೆಲಸ ಕ್ರಿಮಿಯಾದ ನಮ್ಮ ಗುಡ್ಡದ ಮೇಲಿನ ಕೇಂದ್ರದಲ್ಲಿ. ಅಲ್ಲೊಂದು ದೊಡ್ಡ ಕಬ್ಬಿಣದ ಬಟ್ಟಲು ಆಕಾಶಕ್ಕೆ ಬಾಯಿ ತೆರೆದುಕೊಂಡಿತ್ತು. ಚಂದ್ರನಿಗೆ ಕಳಿಸಿದ ಯಂತ್ರಗಳ ಸದ್ದನ್ನು ಅದು ಹಿಡಿಯುತ್ತಿತ್ತು. ಮುಂಚೆ ಹೋದವುಗಳಲ್ಲಿ ಕೆಲವು ದಾರಿ ತಪ್ಪಿದ್ದವು, ಕೆಲವು ಬಿದ್ದು ಒಡೆದಿದ್ದವು. ತಿಖೋನ್ ಓದಿದವನಲ್ಲ. ಬಟ್ಟಲಿಗೆ ಗ್ರೀಸ್ ಹಚ್ಚುವುದು, ಹಿಮ ಗುಡಿಸುವುದು ಅವನ ಪಾಲು. ಅಲ್ಲಿಯ ಕೆಲಸ ಗುಟ್ಟು, ಹೊರಗೆ ಹೇಳುವಂತಿರಲಿಲ್ಲ. ದೂರದಲ್ಲಿ ಮಗಳ ಮನೆಯಲ್ಲಿದ್ದ ಅವನ ತಾಯಿ ಪೆಲಗೇಯಾಗೂ ಹೇಳಿರಲಿಲ್ಲ.

ಗುರುವಾರ ಎಲ್ಲ ಕಡೆ ಹಿಮ ಗಟ್ಟಿಯಾಗಿ ಜಾರುತ್ತಿತ್ತು. ಅವತ್ತೇ ಒಂದು ಯಂತ್ರ ಚಂದ್ರನ ಮೇಲೆ ಇಳಿಯುವುದಿತ್ತು. ಚಂದ್ರ ಮೂಡುವಷ್ಟರಲ್ಲಿ ಬಟ್ಟಲು ಶುಚಿಯಾಗಬೇಕು. ಮಧ್ಯಾಹ್ನ ಪೊರಕೆ ಹಿಡಿದು ಅಂಚಿಗೆ ಹತ್ತಿದವನು ಜಾರಿ ಬಿದ್ದು ಸತ್ತ. ಯಂತ್ರ ಒಡೆಯದೆ ಇಳಿಯಿತು.

ಶುಕ್ರವಾರ ಕೇಂದ್ರದಿಂದ ಒಬ್ಬರು ಕಾಗದ ತಂದರು.

"ಗ್ಲಾಫಿರಾ ಸೆಮ್ಯೋನೊವ್ನಾ," ಎಂದು ನನ್ನ ಪೂರ್ತಿ ಹೆಸರು ಹಿಡಿದು ಕರೆದರು. "ಮನೆ ಮೇಲಿನ ಹಿಮ ತೆಗೀವಾಗ ಬಿದ್ದರು ಅಂತ ಬರೆದಿದೆ. ಸಹಿ ಹಾಕಿ."

"ಅವನು ಮನೆ ಮೇಲೆ ಹತ್ತೇ ಇಲ್ಲ."

"ಗೊತ್ತು. ಹಾಕಿ."

ಹಾಕಿದೆ.

ಮಣ್ಣು ಮಾಡಲು ಅತ್ತೆ ಬಂದರು. "ಇಂಥ ಜಾರೋ ಹಿಮದಲ್ಲಿ ಅವನನ್ನ ಮನೆ ಮೇಲೆ ಯಾಕೆ ಹತ್ತಿಸಿದೆ?"

"ಹಿಮ ಜಾಸ್ತಿ ಇತ್ತಮ್ಮ."

"ನೀನು ಹತ್ತಬೇಕಿತ್ತು."

ಸುತ್ತ ಬೀದಿಯವರಿದ್ದರು. ಎಲ್ಲರೂ ಕೇಂದ್ರದವರು, ಎಲ್ಲರೂ ಗುಟ್ಟು ಬಿಡುವುದಿಲ್ಲ ಎಂದು ಸಹಿ ಹಾಕಿದವರು. ಒಬ್ಬರೂ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ಪತ್ರಿಕೆಯಲ್ಲಿ ಚಂದ್ರನ ಕಲ್ಲುಗಳ ಚಿತ್ರ ಬಂದಿತ್ತು. "ನಮ್ಮ ಹೊಲದಲ್ಲೂ ಇಂಥವೇ ಇವೆ" ಎಂದು ಅತ್ತೆ ಅದರ ಮೇಲೆ ತಿಥಿಗೆ ಬೇಯಿಸಿದ ಗೋಧಿಯ ಪಾತ್ರೆ ಇಟ್ಟರು.

ಹುಣ್ಣಿಮೆ ಹತ್ತಿರವಾದರೆ ನಮ್ಮ ಛಾವಣಿಯ ತಗಡಿನ ಮೇಲೆ ಪೊರಕೆಯ ಸದ್ದು ಕೇಳುತ್ತದೆ. ತಿಖೋನ್ ಅಲ್ಲಿಗೆ ಹತ್ತಿದವನೇ ಅಲ್ಲ. ಸಹಿ ಹಾಕಿ ನಾನೇ ಹತ್ತಿಸಿದೆ.

ತಮ್ಮ ಮಗಳು ತೀರಿಕೊಂಡ ಮೇಲೆ ಅತ್ತೆ ನನ್ನ ಹತ್ತಿರ ಇರಲು ಬಂದರು. ಇಪ್ಪತ್ತೈದು ವರ್ಷ ಕಳೆದ ಮೇಲೆ, ಇನ್ನು ಹೇಳಬಹುದು ಎಂದು ಕೇಂದ್ರದವರು ತಿಳಿಸಿದರು. ಅವತ್ತೇ ಹೇಳಿದೆ.

"ಅವನು ಮನೆ ಮೇಲಿಂದ ಬೀಳಲಿಲ್ಲಮ್ಮ. ಚಂದ್ರನ ಕೆಲಸದಲ್ಲಿ ಸತ್ತ."

"ಆಗ ಸುಳ್ಳು ಹೇಳಿದ್ಯಾ, ಈಗ ಹೇಳ್ತಿದ್ದೀಯಾ?"

"ಆಗ."

"ಇಷ್ಟು ವರ್ಷ ಸುಳ್ಳು ಹೇಳಿದವಳನ್ನ ಹೇಗೆ ನಂಬಲಿ?"

ಅತ್ತೆಗೀಗ ಎಂಬತ್ತೆಂಟು. ಕೈ ಮೇಲಕ್ಕೆ ಏಳುವುದಿಲ್ಲ. ಬೆಳಿಗ್ಗೆ ಅವರನ್ನು ಕಿಟಕಿಯ ಹತ್ತಿರ ಕೂರಿಸಿ, ತಲೆ ಬಾಚಿ, ಇದ್ದಷ್ಟು ಕೂದಲನ್ನು ಜಡೆ ಹೆಣೆಯುತ್ತೇನೆ. ಹೆಣೆಯುತ್ತಾ ಆ ಗುರುವಾರದ್ದನ್ನು ಮೊದಲಿನಿಂದ ಹೇಳುತ್ತೇನೆ. ಮುಗಿದ ಮೇಲೆ "ಬಿಗಿಯಾಯ್ತು, ಬಿಚ್ಚು" ಅನ್ನುತ್ತಾರೆ. ಬಿಚ್ಚಿ ಮತ್ತೆ ಹೆಣೆಯುತ್ತೇನೆ.