ಮೊಂಡು ಮೂತಿಯ ತೋಟಾ

ಅಪ್ಪ ತೋಟಾ ಆರಿಸುವಾಗ ಕನ್ನಡಕ ತೆಗೆದು ಜೇಬಿಗಿಟ್ಟು ಹೆಬ್ಬೆರಳನ್ನೇ ನಂಬುತ್ತಿದ್ದ. ಒಂದೊಂದರ ಮೂತಿಯನ್ನೂ ನವಿರಾಗಿ ಸವರಿ, ಮೊಂಡಾಗಿದ್ದರೆ ಮಾತ್ರ ಎತ್ತಿಡುತ್ತಿದ್ದ. ಗೆಳೆಯರೇ, ಬುಕ್ಕಸಾಗರದ ನಮ್ಮ ಬಾಳೆಯ ತೋಟಕ್ಕೂ ಬಂದೂಕಿನ ತೋಟಾಕ್ಕೂ ನಡುವೆ ಇರುವುದು ಒಂದು ದೀರ್ಘದ ಅಂತರ. ಆ ದೀರ್ಘದಲ್ಲೇ ನಮ್ಮ ಮನೆಯ ಹನ್ನೆರಡು ವರ್ಷ ಕಳೆದುಹೋದವು.

ಅಜ್ಜ ಸಂಡೂರಿನ ಗುಡ್ಡಗಳಲ್ಲಿ ಬೇಟೆಯಾಡುತ್ತಿದ್ದ ಕಾಲದ ರೈಫಲ್ ಅದು. ಟ್ರಿಗರಿನ ಸುತ್ತಲಿನ ಹಿಡಿಯನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ತೋಟಾ ತಾನಾಗಿ ಬಂದು ಕೂರುವಂಥದ್ದು. ಬೇಟೆ ನಿಂತು ಎಷ್ಟೋ ಕಾಲವಾಗಿತ್ತು. ಬೆಳೆ ಕಾಯುವ ಪರವಾನಗಿಯಷ್ಟೇ ಅಪ್ಪನ ಮತ್ತು ಅವನ ತಮ್ಮನಾದ ಕಾಕಾನ ಹೆಸರಲ್ಲಿ ಉಳಿದಿತ್ತು. ಹನ್ನೆರಡು ವರ್ಷದ ಹಿಂದೆ ಕಾಡುಹಂದಿಗಳು ಬಾಳೆಯ ಬುಡ ಅಗೆದು ಸಾಲುಸಾಲಾಗಿ ಮಲಗಿಸತೊಡಗಿದಾಗ, ಅರಣ್ಯ ಇಲಾಖೆಯ ಅನುಮತಿ ಪಡೆದು ಅಪ್ಪ, ಕಾಕಾ, ನಾನು ಮೂವರೂ ಹೊಸಪೇಟೆಯ ಬಂದೂಕಿನ ಅಂಗಡಿಗೆ ಹೋದೆವು.

ಮೊಂಡು ಮೂತಿಯವು ಮುಗಿದಿದ್ದವು. ಕಾಕಾ ಉತ್ಸಾಹದಿಂದ ಚೂಪು ತುದಿಯವುಗಳ ಡಬ್ಬಿ ಎತ್ತಿಕೊಂಡು, ಇವು ದೂರಕ್ಕೂ ನೇರಕ್ಕೂ ಒಳ್ಳೆಯವೆಂದು ಅಲ್ಲಿದ್ದವರಿಗೆಲ್ಲ ವಿವರಿಸತೊಡಗಿದ. ಅಪ್ಪ ಆ ಡಬ್ಬಿಯನ್ನು ಅವನ ಕೈಯಿಂದ ಕಿತ್ತು ಮೇಜಿನ ಮೇಲಿಟ್ಟ.

“ಇವನ ಮಾತು ಕೇಳಬ್ಯಾಡ್ರಿ. ಇವಗೇನೂ ತಿಳಿಯಂಗಿಲ್ಲ.”

ಯಾರೋ ನಕ್ಕರು. ಕಾಕಾನ ಮುಖ ಸಣ್ಣದಾಯಿತು. ಮುಂದಿನ ವಾರವೇ ಅವನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿ ಅಲ್ಲೇ ಕೋಣೆ ಹಿಡಿದ. ಹಬ್ಬಕ್ಕೂ ಬರಲಿಲ್ಲ. ಆ ವರ್ಷ ಹಂದಿಗಳು ತಮಗೆ ಬೇಕಾದಷ್ಟು ತಿಂದು ಹೋದವು.

ಎಷ್ಟೋ ದಿನಗಳ ಮೇಲೆ ನಾನು ಅಪ್ಪನನ್ನು ಕೇಳಿದೆ. ಆ ರೈಫಲಿನ ನಳಿಗೆಯಡಿಯ ಕೊಳವೆಯಲ್ಲಿ ತೋಟಾಗಳು ಒಂದರ ಬೆನ್ನಿಗೊಂದು ಮೂತಿಯಿಟ್ಟು ನಿಲ್ಲುತ್ತವೆಂದೂ, ತುದಿ ಚೂಪಾಗಿದ್ದರೆ ಮುಂದಿನದರ ಬೆನ್ನಲ್ಲಿರುವ ಮದ್ದಿಗೆ ಚುಚ್ಚಿ ಹಿಡಿದವನ ಕೈಯಲ್ಲೇ ಸಿಡಿಯಬಹುದೆಂದೂ ಅವನು ನಿಧಾನವಾಗಿ ವಿವರಿಸಿದ.

“ಹಿಡಿಯಾವ ಅವನಲ್ಲೇನವ್ವಾ. ನಾ ಹಂದಿ ನೋಡಿ ಆರಿಸಲಿಲ್ಲ, ಅವನ ಕೈ ನೋಡಿ ಆರಿಸಿದೆ.”

ಇದನ್ನೇ ಕಾಕಾನಿಗೆ ಹೇಳೆಂದರೆ ಹೊಳೆಯ ಕಡೆ ಮುಖ ತಿರುಗಿಸಿದ. ತೋಟಾವನ್ನು ಅಷ್ಟು ಸವರಿ ನೋಡುವವನು ಮಾತನ್ನು ಮಾತ್ರ ಯಾಕೆ ಹಾಗೆ ಒರಟಾಗಿ ಬಿಟ್ಟನೋ. ಒಲವು ಹೆಚ್ಚಿದ್ದಲ್ಲೇ ನಮಗೆ ಪದಗಳ ಬಡತನ ಬರುತ್ತದೇನೋ. ನಾನಾದರೂ ಬಸ್ಸು ಹತ್ತಿ ಹೋಗಿ ಹೇಳಬಹುದಿತ್ತು. ಅಣ್ಣತಮ್ಮಂದಿರ ನಡುವೆ ನಾನ್ಯಾಕೆ ಎಂದುಕೊಂಡೆ. ಆ ಸಂಕೋಚ ಈಗಲೂ ನನ್ನನ್ನು ಸುಡುತ್ತದೆ.

ಹೋದ ವರ್ಷ ಅಪ್ಪ ತೀರಿಕೊಂಡ. ಮಣ್ಣಿಗೆ ಬಂದ ಕಾಕಾ ಒಂದು ಲೋಟ ನೀರೂ ಕುಡಿಯದೆ ಹೊರಟುಹೋದ. ಈಚೆಗೆ ರೈಫಲನ್ನು ಠಾಣೆಗೆ ಒಪ್ಪಿಸಲು ಅವನ ಸಹಿ ಬೇಕಾಯಿತು, ಬಂದ. ಕೆಲಸ ಮುಗಿದ ಮೇಲೆ, ತೋಟ ನೋಡಿ ಹೋಗು ಎಂದು ಕರೆದುಕೊಂಡು ಬಂದು, ಬದುವಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ.

ಕಾಕಾ ತನ್ನ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡ. ಆಮೇಲೆ, ಅಣ್ಣ ಕಡೆಗಾಲದಲ್ಲಿ ತನ್ನನ್ನು ಕೇಳಿದ್ದನೇ ಎಂದ. ಕೇಳಿದ್ದ. ಹಾಸಿಗೆ ಹಿಡಿದ ಮೇಲೆ ದಿನವೂ ಅದೊಂದನ್ನೇ ಕೇಳುತ್ತಿದ್ದ: “ತಮ್ಮಂದೀಗ ಯಾವ ಶಿಫ್ಟು?”

ಕಾಕಾ ಟವಲಿನಿಂದ ಮುಖ ಒರೆಸಿಕೊಂಡ. ಬಾಳೆಯ ಸಾಲುಗಳ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆಂಬಂತೆ ಮೆಲ್ಲಗೆ ಹೇಳಿದ:

“ಫಸ್ಟ್ ಶಿಫ್ಟು ಅಣ್ಣಾ. ಎರಡಕ್ಕ ಬಿಡ್ತಾರ.”